ಮಿಶ್ರಲೋಹದ ತಂತಿಗಳು: ಕಿನ್ನರಿಯಿಂದ ಕಾಡಂಚಿನ ಬೇಲಿಯವರೆಗೆ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ಎದುರಾಗುವ ಎಡೆಯಲ್ಲಿ ಮದ್ದೂರು ಇದೆ. ವಡೆಗೆ ಹೆಸರಾದ ಮದ್ದೂರು ಮಂಡ್ಯ ಜಿಲ್ಲೆಯದು. ಇದು ಅರಣ್ಯ ತಪಾಸಣಾ ಠಾಣೆಯ ಮದ್ದೂರು, ಆನೆಗಳ ನೆರೆಯ ಮದ್ದೂರು. ಈ ಭಾಗದ ರೈತನೊಬ್ಬನ ದಿನಚರಿಯನ್ನು ಗಮನಿಸಿದರೆ, ಬೆಳಗಿನಿಂದ ರಾತ್ರಿಯವರೆಗೆ ಅವನ ಬಾಳು ತಂತಿಗಳ ಮೇಲೆಯೇ ನಿಂತಿರುವುದು ಕಂಡುಬರುತ್ತದೆ. ಕೊಳವೆ ಬಾವಿಯ ಮೋಟಾರಿನೊಳಗೆ ತಾಮ್ರದ ತಂತಿಯ ಸುರುಳಿ. ಮನೆಯ ಇಸ್ತ್ರಿಪೆಟ್ಟಿಗೆಯೊಳಗೆ ಕೆಂಪಗೆ ಕಾಯುವ ತಂತಿ. ಹೊಲದಂಚಿನಲ್ಲಿ ಸೌರಬೇಲಿಯ ಉಕ್ಕಿನ ತಂತಿ. ಹಬ್ಬದ ರಾತ್ರಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿಯಲ್ಲಿ ನಾದ ಹೊಮ್ಮಿಸುವ ತಂತಿ. ಇವೆಲ್ಲವೂ ನೋಟಕ್ಕೆ ಒಂದೇ ಜಾತಿಯವು. ಗುಣದಲ್ಲಿ ಮಾತ್ರ ಒಂದಕ್ಕೊಂದು ಅಜಗಜಾಂತರ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಈ ಭೇದಕ್ಕೆ ಕಾರಣವೇನು, ಅದನ್ನು ಮಾನವನು ಹೇಗೆ ಸಾಧಿಸಿದನು, ಅದನ್ನು ಅರಿಯದಿದ್ದರೆ ಆಗುವ ಹಾನಿಯೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಿಶ್ರಲೋಹವೆಂದರೇನು?

ಮಲೆಯ ಮಾದೇಶ್ವರನ ದೇವರಗುಡ್ಡರು ನುಡಿಸುವ ಕಂಸಾಳೆಯನ್ನು ಈ ಜಿಲ್ಲೆಯಲ್ಲಿ ಕಾಣದವರಿಲ್ಲ. ಅದು ಕಂಚಿನದು. ಕಂಚೆಂಬುದು ತಾಮ್ರ ಮತ್ತು ತವರಗಳ ಮಿಶ್ರಣ. ತಾಮ್ರ ಮೆದು, ತವರ ಅದಕ್ಕಿಂತಲೂ ಮೆದು. ಎರಡೂ ಕೂಡಿದಾಗ ಹುಟ್ಟುವ ಕಂಚು ಮಾತ್ರ ಗಡುಸಾಗಿದ್ದು, ಬಡಿದರೆ ಇಂಪಾಗಿ ಮೊಳಗುತ್ತದೆ. ಎರಡು ಅಥವಾ ಹೆಚ್ಚು ಧಾತುಗಳನ್ನು ಕರಗಿಸಿ ಬೆರೆಸಿದಾಗ, ಮೂಲ ಧಾತುಗಳಲ್ಲಿ ಇಲ್ಲದ ಹೊಸ ಗುಣಗಳುಳ್ಳ ಲೋಹ ದೊರೆಯುವುದೇ ಮಿಶ್ರಲೋಹದ ರಹಸ್ಯ.

ಶುದ್ಧ ಲೋಹದಲ್ಲಿ ಪರಮಾಣುಗಳು ಒಂದೇ ಗಾತ್ರದವಾಗಿದ್ದು ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಬಲ ಬಿದ್ದಾಗ ಒಂದು ಪದರವು ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ಬೇರೆ ಗಾತ್ರದ ಪರಮಾಣುಗಳು ನಡುವೆ ಸೇರಿಕೊಂಡರೆ ಈ ಜಾರುವಿಕೆಗೆ ತಡೆಯುಂಟಾಗಿ ಲೋಹವು ಗಡುಸಾಗುತ್ತದೆ. ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರಾನುಗಳ ದಾರಿಗೂ ಇದೇ ಅಡಚಣೆ. ಆದುದರಿಂದಲೇ ಮಿಶ್ರಲೋಹಗಳು ಸಾಮಾನ್ಯವಾಗಿ ಶುದ್ಧ ಲೋಹಕ್ಕಿಂತ ಗಟ್ಟಿ. ವಿದ್ಯುತ್ತಿಗೆ ಒಡ್ಡುವ ರೋಧವೂ ಅವುಗಳಲ್ಲಿ ಹೆಚ್ಚು. ಒಂದು ಕಡೆ ದೋಷವೆನಿಸಿದ ಗುಣವೇ ಇನ್ನೊಂದು ಕಡೆ ವರವಾಗುವುದನ್ನು ಮುಂದೆ ಕಾಣಬಹುದು.

ತಂತಿ ಎಳೆಯುವ ಕಲೆ

ಲೋಹವನ್ನು ಕಡಿಯದಂತೆ ತಂತಿಯಾಗಿ ಎಳೆಯಲು ಬರುವ ಗುಣಕ್ಕೆ ತನ್ಯತೆ ಎಂದು ಹೆಸರು. ಚಿನ್ನ ಇದರಲ್ಲಿ ಅಗ್ರಗಣ್ಯ. ಒಂದು ಗ್ರಾಂ ಚಿನ್ನವನ್ನು ಸುಮಾರು ಎರಡು ಕಿಲೋಮೀಟರ್ ಉದ್ದದ ಎಳೆಯಾಗಿ ಎಳೆಯಬಹುದು. ನಮ್ಮ ಅಕ್ಕಸಾಲಿಗರು ಈ ವಿದ್ಯೆಯನ್ನು ಬಹು ಹಿಂದಿನಿಂದ ಬಲ್ಲರು. ಕ್ರಮವಾಗಿ ಕಿರಿದಾಗುತ್ತ ಹೋಗುವ ತೂತುಗಳುಳ್ಳ ಉಕ್ಕಿನ ಹಲಗೆಯಾದ ಕಂಬಚ್ಚಿನಲ್ಲಿ ಕಡ್ಡಿಯ ತುದಿಯನ್ನು ತೂರಿಸಿ, ಇಕ್ಕಳದಿಂದ ಹಿಡಿದು ಎಳೆಯುವುದೇ ಅವರ ವಿಧಾನ. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲಿಗನಾಗಿದ್ದು, ಕಲ್ಯಾಣಕ್ಕೆ ಬಂದ ಮೇಲೆ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿಸಿಕೊಂಡನೆಂದು ಶರಣ ಪರಂಪರೆ ಹೇಳುತ್ತದೆ. ಲೋಹದ ಕೆಲಸವನ್ನೂ ತಂತಿಯ ನಾದವನ್ನೂ ಒಂದೇ ಬಾಳಿನಲ್ಲಿ ಕಂಡ ಈ ಶರಣನ ನೆನಪು ಇಲ್ಲಿ ಉಚಿತವೇ ಆಗಿದೆ.

ಇಂದಿನ ಕಾರ್ಖಾನೆಯಲ್ಲಿಯೂ ತತ್ತ್ವ ಅದೇ. ಸಾಧನ ಮಾತ್ರ ಬೇರೆ. ಉಕ್ಕಿನ ಹಲಗೆಯ ಬದಲು ಟಂಗ್‌ಸ್ಟನ್ ಕಾರ್ಬೈಡಿನ ಅಚ್ಚು. ಅತಿ ಸೂಕ್ಷ್ಮ ತಂತಿಗೆ ವಜ್ರದ ಅಚ್ಚು. ಇಕ್ಕಳದ ಬದಲು ತಿರುಗುವ ಉರುಳೆ. ಎಳೆಯುವಾಗ ಲೋಹದ ಗಾತ್ರ ಹೆಚ್ಚೂ ಆಗದು, ಕಡಿಮೆಯೂ ಆಗದು. ಆದ್ದರಿಂದ ವ್ಯಾಸ ಅರ್ಧವಾದರೆ ಉದ್ದ ನಾಲ್ಕು ಪಟ್ಟಾಗುತ್ತದೆ. ವ್ಯಾಸ ಹತ್ತನೆಯ ಒಂದಾದರೆ ಉದ್ದ ನೂರು ಪಟ್ಟು. 5.5 ಮಿಲಿಮೀಟರ್ ವ್ಯಾಸದ ಒಂದು ಮೀಟರ್ ಸಲಾಕೆಯಿಂದ 0.55 ಮಿಲಿಮೀಟರ್ ವ್ಯಾಸದ ನೂರು ಮೀಟರ್ ತಂತಿ ದೊರೆಯುವ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು.

ಆದರೆ ಎಳೆದಷ್ಟೂ ಲೋಹ ಗಡುಸಾಗುತ್ತ, ಪೆಡಸಾಗುತ್ತ ಹೋಗಿ, ಕೊನೆಗೆ ತುಂಡಾಗುತ್ತದೆ. ಅದಕ್ಕಾಗಿ ನಡುನಡುವೆ ಕಾಯಿಸಿ, ಮೆಲ್ಲಗೆ ಆರಿಸಿ ಹದಕ್ಕೆ ತರಬೇಕು. ಉಕ್ಕಿನ ತಂತಿಗೆ ಇನ್ನೂ ವಿಶೇಷವಾದ ಸಂಸ್ಕಾರವಿದೆ: ಅದನ್ನು ಕೆಂಪಗೆ ಕಾಯಿಸಿ ಕರಗಿದ ಸೀಸದ ತೊಟ್ಟಿಯಲ್ಲಿ ಹಾಯಿಸಿದರೆ, ಎಳೆತವನ್ನು ತಾಳಿಕೊಳ್ಳುವ ನವುರಾದ ಒಳರಚನೆ ಅದಕ್ಕೆ ಬರುತ್ತದೆ. ಸಾಧಾರಣ ಮೆದು ಉಕ್ಕಿನ ಒಂದು ಚದರ ಮಿಲಿಮೀಟರ್ ಸುಮಾರು 40 ಕಿಲೋಗ್ರಾಂ ಭಾರಕ್ಕೆ ತುಂಡಾಗುವುದಾದರೆ, ಹೀಗೆ ಸಿದ್ಧಪಡಿಸಿದ ಪಿಯಾನೊ ತಂತಿ 200 ಕಿಲೋಗ್ರಾಮಿಗೂ ಮೀರಿದ ಭಾರವನ್ನು ತಡೆಯುತ್ತದೆ.

ಚನ್ನಪಟ್ಟಣದ ಉಕ್ಕಿನ ತಂತಿ

ಶ್ರೀರಂಗಪಟ್ಟಣದ ಪತನದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿ, ಬೇಸಾಯ, ಕಸುಬು, ವ್ಯಾಪಾರಗಳ ವಿವರಗಳನ್ನು ದಾಖಲಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಚನ್ನಪಟ್ಟಣದ ಒಂದು ವಿಶೇಷ ಉಲ್ಲೇಖಗೊಂಡಿದೆ. ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಭಾರತದ ದೂರದೂರದ ಪ್ರಾಂತಗಳಿಂದಲೂ ಅವಕ್ಕೆ ಬೇಡಿಕೆಯಿತ್ತು. ಇಂದು ಬಣ್ಣದ ಗೊಂಬೆಗಳಿಗೆ ಹೆಸರಾದ ಊರು ಒಂದು ಕಾಲದಲ್ಲಿ ವೀಣೆ, ತಂಬೂರಿಗಳಿಗೆ ಕಂಠ ಕೊಟ್ಟಿತ್ತೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ.

ಈ ತಂತಿಯ ಹಿರಿಮೆಗೆ ಮೂಲ ನಮ್ಮ ನಾಡಿನ ಮೂಸೆಯ ಉಕ್ಕು. ಮೆದು ಕಬ್ಬಿಣದ ತುಂಡುಗಳನ್ನು ಕಟ್ಟಿಗೆ ಚೂರು, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಇದಕ್ಕೆ ಆವರಿಕೆಯ ಕಟ್ಟಿಗೆ ವಿಶೇಷವಾಗಿ ಬಳಕೆಯಲ್ಲಿತ್ತು. ಕಟ್ಟಿಗೆಯ ಇಂಗಾಲವನ್ನು ಹೀರಿಕೊಂಡ ಕಬ್ಬಿಣವು ಮೂಸೆಯೊಳಗೆ ಕರಗಿ ಉಕ್ಕಿನ ಗಟ್ಟಿಯಾಗುತ್ತಿತ್ತು. ಕರಗಿದ್ದರಿಂದ ಕಿಟ್ಟವೆಲ್ಲ ಮೇಲೆ ತೇಲಿ, ಉಕ್ಕು ಶುದ್ಧವಾಗಿ ಉಳಿಯುತ್ತಿತ್ತು. ಕಿಟ್ಟದ ಒಂದು ಕಣ ಉಳಿದರೂ ಕೂದಲಿನಷ್ಟು ತೆಳುವಾದ ತಂತಿ ಅಲ್ಲಿಯೇ ಕಡಿಯುತ್ತದೆ. ತಂತಿಯ ಶ್ರುತಿಯಾದರೋ ಅದರ ಉದ್ದ, ತೂಕ, ಬಿಗಿತಗಳನ್ನು ಅವಲಂಬಿಸಿದೆ. ಹೆಚ್ಚು ಬಿಗಿತವನ್ನು ತಾಳಬಲ್ಲ ಉಕ್ಕು ಮಾತ್ರ ಹೆಚ್ಚಿನ ಶ್ರುತಿಗೆ ಏರಬಲ್ಲದು. ರಸಾಯನಶಾಸ್ತ್ರದ ಸೂತ್ರಗಳು ತಿಳಿಯದಿದ್ದರೂ ಆ ಕುಶಲಿಗರು ಈ ಸೂಕ್ಷ್ಮಗಳನ್ನು ಕೈಯ ಅನುಭವದಿಂದ ಬಲ್ಲವರಾಗಿದ್ದರು.

ಯುರೋಪಿನ ಯಂತ್ರನಿರ್ಮಿತ ತಂತಿಗಳ ಕಾಲ ಬಂದ ಮೇಲೆ ಈ ಕಸುಬು ಉಳಿಯಲಿಲ್ಲ. ಕಸುಬು ಹೋದದ್ದಕ್ಕಿಂತ ಮಿಗಿಲಾದ ನಷ್ಟವೆಂದರೆ, ಅದರೊಡನೆ ಅದರ ಅರಿವೂ ಹೋದದ್ದು. ಉಕ್ಕಿನ ಹದ, ಕಾಯಿಸುವ ಹೊತ್ತು, ತೂತಿನಿಂದ ತೂತಿಗೆ ಇಳಿಸುವ ಪ್ರಮಾಣ, ಇವು ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ದಾಟಿ ಬಂದವೇ ಹೊರತು ಪಾಠವಾಗಿ ಬರಹಕ್ಕಿಳಿಯಲಿಲ್ಲ. ಪರಸ್ಥಳದ ಪ್ರವಾಸಿಯೊಬ್ಬನು ಬರೆದಿಟ್ಟ ಕೆಲವು ಸಾಲುಗಳೇ ಇಂದು ಅದಕ್ಕೆ ಮುಖ್ಯ ಸಾಕ್ಷಿ.

ಕಾಯುವ ತಂತಿ, ಅಳೆಯುವ ತಂತಿ

ಮಿಶ್ರಲೋಹದ ತಂತಿ ಮನೆಮನೆಗೆ ಬಂದದ್ದು ವಿದ್ಯುತ್ತಿನ ಜೊತೆಯಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಗಳ ಮೂಲಕ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ವಿದ್ಯುತ್ತನ್ನು ದೂರ ಸಾಗಿಸುವ ತಂತಿಗೆ ರೋಧ ಕಡಿಮೆ ಇರಬೇಕು. ಕಂಬದಿಂದ ಕಂಬಕ್ಕೆ ತೂಗುವ ತನ್ನ ಭಾರವನ್ನು ತಾನೇ ಹೊರುವಷ್ಟು ಬಲವೂ ಬೇಕು. ಅಲ್ಯೂಮಿನಿಯಂ ಎಳೆಗಳ ನಡುವೆ ಉಕ್ಕಿನ ತಿರುಳಿಟ್ಟು ಹೆಣೆಯುವುದು ಇದಕ್ಕೊಂದು ಉಪಾಯ. ಅಲ್ಯೂಮಿನಿಯಮ್ಮಿಗೆ ಶೇಕಡ ಒಂದಕ್ಕೂ ಕಡಿಮೆ ಪ್ರಮಾಣದಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್‌ಗಳನ್ನು ಬೆರೆಸುವುದು ಇನ್ನೊಂದು ಉಪಾಯ.

ಶಾಖ ಬೇಕಾದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ; ಅಲ್ಲಿ ರೋಧವೇ ಬೇಕು. 230 ವೋಲ್ಟಿನಲ್ಲಿ 1,000 ವ್ಯಾಟ್ ಶಾಖ ಕೊಡುವ ಇಸ್ತ್ರಿಪೆಟ್ಟಿಗೆಗೆ ಸುಮಾರು 53 ಓಮ್ ರೋಧ ಬೇಕು. 0.4 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯಿಂದ ಇದನ್ನು ಪಡೆಯಬೇಕಾದರೆ ತಣ್ಣಗಿರುವಾಗಿನ ಲೆಕ್ಕದಂತೆಯೇ ಸುಮಾರು 385 ಮೀಟರ್ ತಂತಿ ಬೇಕಾಗುತ್ತದೆ. ಕೆಂಪಗೆ ಕಾದರೆ ತಾಮ್ರ ಬೇಗನೆ ಗಾಳಿಯೊಡನೆ ಕೂಡಿ ಸವೆದುಹೋಗುತ್ತದೆ. ನೈಕ್ರೋಮ್ ತಂತಿಯಾದರೆ ಸುಮಾರು ಆರು ಮೀಟರ್ ಸಾಕು. ನಿಕ್ಕಲ್ 80 ಭಾಗ, ಕ್ರೋಮಿಯಂ 20 ಭಾಗ ಇರುವ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಏಕಸ್ವಾಮ್ಯದ ಹಕ್ಕು ಪಡೆದನು. ಇದರ ರೋಧ ತಾಮ್ರದ ಸುಮಾರು ಅರವತ್ತೈದು ಪಟ್ಟು. ಕಾದಾಗ ಇದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಕಟ್ಟಿಕೊಂಡು, ಒಳಗಿನ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಮುಂದೆ ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೊ ಎಂಬಾತನು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಲೋಹವೊಂದನ್ನು ರೂಪಿಸಿದನು, ಅದೇ ಕಾಂತಾಲ್. ಕೈಗಾರಿಕೆಯ ಕುಲುಮೆಗಳಲ್ಲಿ 1,300 ಡಿಗ್ರಿ ಸೆಲ್ಸಿಯಸ್ ಮೀರಿದ ತಾಪದಲ್ಲಿಯೂ ಅದು ದುಡಿಯಬಲ್ಲದು.

ಅಳೆಯುವ ಉಪಕರಣಗಳಿಗೆ ಬೇಕಾದ ಗುಣ ಮತ್ತೊಂದು ಬಗೆಯದು. ಶುದ್ಧ ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡ 0.39ರಷ್ಟು ಏರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬೆಲೆ ತೋರಿಸುವ ತಂತಿಯಿಂದ ಅಳತೆ ಸಾಧ್ಯವಿಲ್ಲ. ತಾಮ್ರ ಮತ್ತು ನಿಕ್ಕಲ್‌ಗಳ ಕಾನ್‌ಸ್ಟಂಟನ್, ತಾಮ್ರ, ಮ್ಯಾಂಗನೀಸ್, ನಿಕ್ಕಲ್‌ಗಳ ಮ್ಯಾಂಗನಿನ್, ಇವುಗಳ ರೋಧ ತಾಪದೊಂದಿಗೆ ಬದಲಾಗುವುದು ಅತ್ಯಲ್ಪ. ಶಾಲಾ ಪ್ರಯೋಗಾಲಯದ ಮೀಟರ್ ಬ್ರಿಜ್ಜಿನ ಹಲಗೆಯ ಮೇಲೆ ಬಿಗಿದಿರುವ ಆ ಒಂದು ಮೀಟರ್ ತಂತಿ ಈ ಜಾತಿಯದು. ಅಂಕಗಳಿಗಾಗಿ ಪ್ರಯೋಗ ಮುಗಿಸಿ ಹೋಗುವ ವಿದ್ಯಾರ್ಥಿಗೆ, ಆ ತಂತಿ ತಾಮ್ರದ್ದೇಕಲ್ಲ ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು, ಲೋಹಶಾಸ್ತ್ರದ ಬಾಗಿಲು ತೆರೆಯುತ್ತದೆ.

ಎರಡು ಬೇರೆ ಲೋಹದ ತಂತಿಗಳ ತುದಿಗಳನ್ನು ಬೆಸೆದು, ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುವುದನ್ನು 1821ರಲ್ಲಿ ಸೀಬೆಕ್ ಕಂಡುಹಿಡಿದನು. ಕ್ರೋಮೆಲ್ ಮತ್ತು ಅಲ್ಯೂಮೆಲ್ ಎಂಬ ಎರಡು ನಿಕ್ಕಲ್ ಮಿಶ್ರಲೋಹಗಳ ಜೋಡಿ ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಪಾದರಸದ ತಾಪಮಾಪಕ ಹೋಗಲಾರದ ಕುಲುಮೆಯ ಒಡಲಿಗೆ ಈ ಉಷ್ಣಯುಗ್ಮ ಹೋಗಿ ಸುದ್ದಿ ತರುತ್ತದೆ. ಹಿಂದೆ ಕುಲುಮೆಯ ಬಣ್ಣ ನೋಡಿ ಕಮ್ಮಾರನು ಹದ ಹೇಳುತ್ತಿದ್ದನು. ಅವನ ಕಣ್ಣಿನ ಕೆಲಸವನ್ನು ಇಂದು ಎರಡು ತಂತಿಗಳು ಅಂಕಿಗಳಲ್ಲಿ ಮಾಡುತ್ತಿವೆ.

ಹಿಗ್ಗದ ತಂತಿ, ನೆನಪಿಡುವ ತಂತಿ

1804ರಲ್ಲಿ ಲ್ಯಾಂಬ್ಟನ್ ನೇತೃತ್ವದ ಭೂಮಾಪನಕ್ಕಾಗಿ ಬೆಂಗಳೂರಿನ ಬಳಿ ಮೂಲರೇಖೆಯನ್ನು ಅಳೆದಾಗ ಬಳಸಿದುದು ಉಕ್ಕಿನ ಸರಪಳಿ. ಬಿಸಿಲಿಗೆ ಸರಪಳಿ ಹಿಗ್ಗುವುದರಿಂದ, ಜೊತೆಯಲ್ಲಿ ತಾಪಮಾಪಕಗಳನ್ನಿಟ್ಟು ಪ್ರತಿ ಅಳತೆಯನ್ನೂ ತಿದ್ದಬೇಕಾಯಿತು. ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿದುದು, 1896ರಲ್ಲಿ ಷಾರ್ಲ್ ಗಿಯೋಮ್ ಕಂಡುಹಿಡಿದ ಇನ್ವಾರ್. ಕಬ್ಬಿಣಕ್ಕೆ ಶೇಕಡ 36ರಷ್ಟು ನಿಕ್ಕಲ್ ಬೆರೆಸಿದ ಈ ಮಿಶ್ರಲೋಹ ಸಾಧಾರಣ ತಾಪದಲ್ಲಿ ಹಿಗ್ಗುವುದು ಅತ್ಯಲ್ಪ. ಭೂಮಾಪನಕ್ಕೆ ಇನ್ವಾರ್ ತಂತಿಗಳು ಬಳಕೆಗೆ ಬಂದವು. 1920ರಲ್ಲಿ ಗಿಯೋಮನಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಇದಕ್ಕಿಂತಲೂ ವಿಸ್ಮಯಕರವಾದುದು ನಿಟಿನಾಲ್. ನಿಕ್ಕಲ್ ಮತ್ತು ಟೈಟಾನಿಯಂಗಳ ಈ ತಂತಿಯನ್ನು ಬಾಗಿಸಿ, ಬಳಿಕ ಬೆಚ್ಚಗೆ ಮಾಡಿದರೆ, ತನ್ನ ಹಳೆಯ ಆಕಾರವನ್ನು ನೆನಪಿಸಿಕೊಂಡಂತೆ ಮತ್ತೆ ಅದೇ ರೂಪಕ್ಕೆ ಬರುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ 1960ರ ಆಸುಪಾಸಿನಲ್ಲಿ ಈ ಗುಣ ಬೆಳಕಿಗೆ ಬಂದಿತು. ಓರೆಯಾದ ಹಲ್ಲುಗಳನ್ನು ಮೆಲ್ಲಗೆ ಸಾಲಿಗೆ ತರುವ ತಂತಿ, ಕಾಲಿನ ರಕ್ತನಾಳವನ್ನು ತೆರೆದಿಡುವ ಬಲೆಗೊಳವೆ, ಇವು ಇಂದು ಇದರಿಂದಲೇ ತಯಾರಾಗುತ್ತವೆ. ಹೃದಯದ ರಕ್ತನಾಳದಲ್ಲಿ ಇರಿಸುವ ಸ್ಟೆಂಟುಗಳಿಗೆ ಹೆಚ್ಚಾಗಿ ಕೋಬಾಲ್ಟ್ ಮತ್ತು ಕ್ರೋಮಿಯಂಗಳ ಮಿಶ್ರಲೋಹ ಬಳಕೆಯಾಗುತ್ತದೆ. ಎದೆನೋವೆಂದು ಮೈಸೂರಿನ ಆಸ್ಪತ್ರೆಗೆ ಹೋಗಿ, ನಾಲ್ಕು ದಿನಗಳಲ್ಲಿ ಮರಳಿ ಹೊಲಕ್ಕಿಳಿಯುವ ಹಿರಿಯರ ಎದೆಯೊಳಗೆ ಲೋಹಶಾಸ್ತ್ರಜ್ಞನ ಶ್ರಮವೂ ಸೇರಿದೆ.

ಕರಿಕಲ್ಲನ್ನು ಕೊಯ್ಯುವ ತಂತಿ

ಚಾಮರಾಜನಗರದ ಸುತ್ತಿನ ಕರಿಕಲ್ಲು ದೇಶವಿದೇಶಗಳಲ್ಲಿ ಹೆಸರಾದುದು. ಭೂವಿಜ್ಞಾನಿಗಳು ಡಾಲರೈಟ್ ಎನ್ನುವ ಈ ಶಿಲೆ ನುಣುಪಾದ ಕಣಗಳದು, ಬಹು ಗಟ್ಟಿ; ಒಪ್ಪವಿಟ್ಟರೆ ಕನ್ನಡಿಯಂತೆ ಹೊಳೆಯುತ್ತದೆ. ಹಿಂದೆ ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು ಬಂಡೆ ಸೀಳುತ್ತಿದ್ದರು. ಮದ್ದು ಸಿಡಿಸಿದರೆ ಅಮೂಲ್ಯ ಶಿಲೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಉಳಿಯುತ್ತಿದ್ದವು.

ಈ ಕೆಲಸಕ್ಕೆ ಒದಗಿ ಬಂದದ್ದು ವಜ್ರದ ತಂತಿಗರಗಸ. ಸುಮಾರು 5 ಮಿಲಿಮೀಟರ್ ದಪ್ಪದ ಉಕ್ಕಿನ ಹೆಣೆದ ತಂತಿಗೆ, ವಜ್ರದ ಕಣಗಳನ್ನು ಲೋಹದ ಪುಡಿಯಲ್ಲಿ ಬೆಸೆದು ಮಾಡಿದ ಮಣಿಗಳನ್ನು ಜಪಮಾಲೆಯಂತೆ ಪೋಣಿಸುತ್ತಾರೆ. ಗ್ರಾನೈಟಿಗಾದರೆ ಮೀಟರಿಗೆ ಸುಮಾರು ನಲವತ್ತು ಮಣಿಗಳು. ಬಂಡೆಯಲ್ಲಿ ಎರಡು ಕುಳಿಗಳು ಸಂಧಿಸುವಂತೆ ಕೊರೆದು, ತಂತಿಯನ್ನು ತೂರಿಸಿ, ತುದಿಗಳನ್ನು ಕೂಡಿಸಿ, ಯಂತ್ರದ ಗಾಲಿಯಿಂದ ವೇಗವಾಗಿ ಓಡಿಸಿದರೆ, ಬೆಣ್ಣೆಯಲ್ಲಿ ದಾರ ಹಾಯ್ದಂತೆ ಬಂಡೆ ಕೊಯ್ದುಕೊಳ್ಳುತ್ತದೆ. ಕಾವು ಏರದಂತೆ ನೀರು ಹರಿಸುತ್ತಲೇ ಇರಬೇಕು. ಕಲ್ಲನ್ನು ತೇಯುವುದು ವಜ್ರ; ಎಳೆತವನ್ನೂ ಬಾಗನ್ನೂ ಎಡೆಬಿಡದೆ ತಾಳುವುದು ಉಕ್ಕಿನ ತಂತಿ. ಅದು ದಣಿದು ಕಡಿದರೆ ಮಣಿಗಳು ಗುಂಡಿನಂತೆ ಸಿಡಿಯುತ್ತವೆ. ಓಡುವ ತಂತಿಯ ನೇರದಲ್ಲಿ ಯಾರೂ ನಿಲ್ಲಬಾರದು, ಕಾಪು ತೆರೆಯನ್ನು ತೆಗೆಯಬಾರದು ಎಂಬ ನಿಯಮ ಇರುವುದು ಈ ಕಾರಣಕ್ಕೆ. ಗಣಿಯಲ್ಲಿ ದುಡಿಯುವ ಪ್ರತಿಯೊಬ್ಬನೂ ಇದನ್ನು ಕಾರಣಸಹಿತ ತಿಳಿದಿರಬೇಕು.

ಕಾಡಂಚಿನ ಬೇಲಿ

ಕೊನೆಯದಾಗಿ ಮದ್ದೂರಿನ ಸುತ್ತಿನ ರೈತರಿಗೆ ತೀರ ಹತ್ತಿರದ ವಿಷಯ. ಆನೆ, ಕಾಡುಹಂದಿಗಳಿಂದ ಬೆಳೆ ಕಾಯಲು ಹಾಕುವ ಸೌರಬೇಲಿಯಲ್ಲಿ ಬಲವಾದ ಎಳೆತಕ್ಕೆ ನಿಲ್ಲುವ ಉಕ್ಕಿನ ತಂತಿ ಬೇಕು. ಮೆದು ತಂತಿ ಬಿಸಿಲಿಗೆ ಜೋಲುಬೀಳುತ್ತದೆ. ತುಕ್ಕು ಹಿಡಿಯದಂತೆ ಅದಕ್ಕೆ ಸತುವಿನ ಲೇಪವಿರುತ್ತದೆ. ಲೇಪದಲ್ಲಿ ಗೀರು ಬಿದ್ದರೂ ಸತುವು ಉಕ್ಕಿಗಿಂತ ಮೊದಲು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಸತುವಿಗೆ ಶೇಕಡ 5ರಷ್ಟು ಅಲ್ಯೂಮಿನಿಯಂ ಬೆರೆಸಿದ ಲೇಪ ಇನ್ನೂ ಹೆಚ್ಚು ವರ್ಷ ಬಾಳುತ್ತದೆ.

ಈ ಬೇಲಿ ಕೊಲ್ಲುವುದಕ್ಕಲ್ಲ, ಹೆದರಿಸುವುದಕ್ಕೆ. ಬ್ಯಾಟರಿಯಿಂದ ನಡೆಯುವ ಯಂತ್ರವು ಹಲವು ಸಾವಿರ ವೋಲ್ಟಿನ ಮಿಡಿತವನ್ನು ಸೆಕೆಂಡಿಗೆ ಸುಮಾರು ಒಂದರಂತೆ ಬಿಡುತ್ತದೆ. ಪ್ರತಿಯೊಂದು ಮಿಡಿತವೂ ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಹೊತ್ತು ಮಾತ್ರ ಇರುವುದರಿಂದ, ಅದರಲ್ಲಿ ಅಡಗಿರುವ ಶಕ್ತಿ ಅಲ್ಪ. ತಗುಲಿದ ಪ್ರಾಣಿ ಬೆಚ್ಚಿ ಹಿಂಜರಿಯುತ್ತದೆ. ಎರಡು ಮಿಡಿತಗಳ ನಡುವೆ ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. ಮನೆಬಳಕೆಯ 230 ವೋಲ್ಟಿನ ವಿದ್ಯುತ್ತಾದರೋ ಎಡೆಬಿಡದೆ ಹರಿಯುತ್ತದೆ. ಸ್ನಾಯುಗಳನ್ನು ಬಿಗಿದು ಹಿಡಿದು, ಹೃದಯದ ಬಡಿತವನ್ನು ಕೆಡಿಸಿ ಕೊಲ್ಲುತ್ತದೆ. ವೋಲ್ಟಿನ ಅಂಕಿಯನ್ನಷ್ಟೇ ನೋಡಿ, ಸಾವಿರಾರು ವೋಲ್ಟೇ ಕೊಲ್ಲದಿರುವಾಗ 230 ಏನು ಮಾಡೀತು ಎಂದು ಭಾವಿಸಿ, ಕಂಬದಿಂದ ನೇರವಾಗಿ ಬೇಲಿಗೆ ತಂತಿ ಎಳೆಯುವುದು ಘೋರ ಪ್ರಮಾದ. ಹಾಗೆ ಎಳೆದ ತಂತಿಗೆ ಆನೆಯಷ್ಟೇ ಅಲ್ಲ, ನಸುಕಿನಲ್ಲಿ ದನ ಅಟ್ಟಿಕೊಂಡು ಹೋಗುವ ನೆರೆಯವನೂ, ಕೆಲವೊಮ್ಮೆ ತಂತಿ ಎಳೆದವನ ಮನೆಯವರೂ ಬಲಿಯಾಗುತ್ತಾರೆ. ಅದು ಕಾನೂನಿನಂತೆ ಶಿಕ್ಷಾರ್ಹ ಅಪರಾಧವೂ ಹೌದು. ದ್ವಿಚಕ್ರ ವಾಹನದ ಕ್ಲಚ್ಚಿನ ತಂತಿಯಿಂದ ಒಡ್ಡುವ ಉರುಲಿನ ಕಥೆಯೂ ಇದೇ. ಹಂದಿಗೆಂದು ಒಡ್ಡಿದ ಉರುಲು ಚಿರತೆಯನ್ನೂ ಹುಲಿಯನ್ನೂ ನರಳಿಸಿ ಕೊಲ್ಲುತ್ತದೆ.

ಸರಿಯಾದ ಬೇಲಿಗೂ ಆರೈಕೆ ಬೇಕು. ಬಳ್ಳಿ, ಹುಲ್ಲು ತಂತಿಗೆ ತಾಗಿದರೆ ಮಿಡಿತವು ನೆಲಕ್ಕೆ ಸೋರಿಹೋಗುತ್ತದೆ. ಬೇಸಿಗೆಯ ಒಣನೆಲ ವಿದ್ಯುತ್ತನ್ನು ಚೆನ್ನಾಗಿ ಒಯ್ಯಲಾರದು; ಆದ್ದರಿಂದ ಭೂಸಂಪರ್ಕಕ್ಕೆ ಪ್ರತ್ಯೇಕ ತಂತಿಯನ್ನೂ ಹಾಕುವುದು ಕ್ಷೇಮ. ಆನೆಗೆ ದಂತದ ಮೂಲಕ ವಿದ್ಯುತ್ತು ಹಾಯದೆಂಬುದು ಬೇಗ ತಿಳಿಯುತ್ತದೆ. ದಂತದಿಂದ ತಂತಿ ಕೀಳುವ, ಮರ ಕೆಡವಿ ಬೇಲಿ ಮುರಿಯುವ ಆನೆಗಳು ಅಪರೂಪವಲ್ಲ. ಬೇಲಿ ಹಾಕಿಸಿದ ದಿನಕ್ಕಿಂತ, ಹಾಕಿಸಿದ ಮರುವರ್ಷ ಅದನ್ನು ನೋಡಿಕೊಳ್ಳುವವರು ಯಾರೆಂಬುದೇ ಮುಖ್ಯವಾದ ಪ್ರಶ್ನೆ.

ಉಪಸಂಹಾರ

ಚನ್ನಪಟ್ಟಣದ ಕುಶಲಿಗನಲ್ಲಿ ಕೈಯ ಅರಿವಿತ್ತು, ಬರಹವಿರಲಿಲ್ಲ. ಆದುದರಿಂದ ಕಸುಬಿನೊಡನೆ ಅರಿವೂ ಅಳಿಯಿತು. ಇಂದು ಬರಹ ಬೇಕಾದಷ್ಟಿದೆ. ಆದರೆ ಅದು ಕಾಡಂಚಿನ ಹೊಲದವರೆಗೆ ತಲುಪದಿರುವುದರಿಂದ ಜೀವಗಳು ಅಳಿಯುತ್ತಿವೆ. ಈ ಎರಡು ತುದಿಗಳನ್ನು ಬೆಸೆಯಬೇಕಾದುದು ಶಾಲೆ. ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ಅರಿತು ಮಾಡುವ ದುಡಿಮೆ ಎಂಬುದನ್ನು ಶರಣರು ಬಾಳಿ ತೋರಿದರು. ಅವರ ಹೆಸರಿನಲ್ಲಿ ಅನ್ನ, ಅಕ್ಷರಗಳ ದಾಸೋಹ ನಡೆಸುತ್ತಿರುವ ಶ್ರೀಮಠಗಳ ಶಾಲೆಗಳಿಗೆ ಈ ಹೊಣೆ ಸಹಜವಾಗಿಯೇ ಸಲ್ಲುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿ ದುಬಾರಿಯದಲ್ಲ. ತಾಮ್ರ, ನೈಕ್ರೋಮ್, ಕಾನ್‌ಸ್ಟಂಟನ್, ಪಿಯಾನೊ ಉಕ್ಕು, ಸತು ಲೇಪಿಸಿದ ಬೇಲಿಯ ತಂತಿ, ಇವುಗಳ ಒಂದೊಂದು ಮೀಟರ್ ತುಂಡು. ರೋಧ ಅಳೆಯುವ ಒಂದು ಮಾಪಕ. ತೂಗುಹಾಕಲು ಕೆಲವು ತೂಕದ ಕಲ್ಲುಗಳು. ಇಷ್ಟಿದ್ದರೆ ಮಕ್ಕಳು ಯಾವ ತಂತಿ ಎಷ್ಟು ಭಾರ ತಾಳುತ್ತದೆ, ಯಾವುದರ ರೋಧ ಎಷ್ಟು ಎಂಬುದನ್ನು ತಮ್ಮ ಕೈಯಾರೆ ಅಳೆದು, ತಮ್ಮ ನುಡಿಯಲ್ಲಿ ಬರೆದಿಡಬಲ್ಲರು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ, ಇಂಥ ಒಂದು ಪೆಟ್ಟಿಗೆ ಪ್ರತಿ ಶಾಲೆಯ ಪ್ರಯೋಗಾಲಯಕ್ಕೂ ಬಂದೀತು. ಆ ಪೆಟ್ಟಿಗೆಯನ್ನು ತೆರೆದು ಕಲಿತ ಹುಡುಗನು ಮನೆಗೆ ಹೋಗಿ, ಕಂಬದಿಂದ ಬೇಲಿಗೆ ತಂತಿ ಎಳೆಯಲು ಹೊರಟ ತಂದೆಯ ಕೈ ಹಿಡಿದು ತಡೆದರೆ, ಅದಕ್ಕಿಂತ ದೊಡ್ಡ ಫಲವನ್ನು ಯಾವ ಪಾಠವೂ ಕೊಡಲಾರದು.